ಅಂಗೈ ಮುಚ್ಚಿದ ಮೈಕು

ಭಾಷಣದ ನಡುವೆ ನಾಯಕರು ಮೈಕನ್ನು ಅಂಗೈಯಲ್ಲಿ ಮುಚ್ಚಿ ಪಕ್ಕದವರ ಕಿವಿಯತ್ತ ಬಾಗಿದ್ದೇ ತಡ, ನಾನು ವಾಲ್ಯೂಮ್ ಏರಿಸಿದೆ. ಪುತ್ತೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು ನಾನು. ಸಭೆಗೆ ಹೇಳುವುದು ಒಂದು, ಮೈಕು ಮುಚ್ಚಿ ಹೇಳುವುದು ಇನ್ನೊಂದು. ಎಲ್ಲ ಪಕ್ಷದವರಲ್ಲೂ ಇದನ್ನು ನೋಡಿದ್ದೇನೆ. ಕೈಗವಸು ಕೊಡಿ ಎಂದು ಗೇರುಬೀಜ ಕಾರ್ಖಾನೆಯ ಗೇಟಿನೆದುರು ಮುಷ್ಕರಕ್ಕೆ ಕುಳಿತ ಹೆಂಗಸರನ್ನು ಬೆಂಬಲಿಸಲು ಘಟ್ಟದ ಮೇಲಿನಿಂದ ದಲಿತ ಹೋರಾಟಗಾರರಾದ ಈ ನಾಯಕರು ಬಂದಾಗಲೇ ನನಗೆ ಸಂಶಯ. ಇಸ್ತ್ರಿ ಮಾಡಿದ ಅಂಗಿ, ಸ್ಟಾರ್ಟಿನಲ್ಲೇ ನಿಂತ ಕಾರು. ಕಾರ್ಖಾನೆಯ ಧಣಿಯ ಜೊತೆ ಒಳಗೊಳಗೇ ಮಾತು ಮುಗಿದಿರಬೇಕು, ಇವತ್ತು ಎಲ್ಲರೂ ಕೇಳಲಿ ಎಂದುಕೊಂಡೆ.

ಎಲ್ಲರೂ ಕೇಳಿದರು. "ಸೋತ್ರೆ ನಾನು ನಾಳೆ ಬೇರೆ ಊರಿಗೆ ಹೋಗ್ತೀನಿ. ಕೆಲಸ ಹೋದ್ರೆ ಇವ್ರೆಲ್ಲಿಗೆ ಹೋಗ್ತಾರೆ? ನನಗೆ ಭಯ ಆಗ್ತಿದೆ ಕಣ್ರೀ."

ತಮ್ಮದೇ ದನಿ ಸ್ಪೀಕರ್ ಪೆಟ್ಟಿಗೆಯಲ್ಲಿ ಕೇಳಿ ಅವರ ಮುಖ ಬಿಳಿಚಿಕೊಂಡಿತು. ಬೀಜದ ಎಣ್ಣೆ ತಾಗಿ ಅಂಗೈ ಸುಲಿದಿದ್ದ ಲಲಿತಕ್ಕ ಮುಂದಿನ ಸಾಲಿನಿಂದ ಎದ್ದರು.

"ಅದನ್ನೇ ಕೈ ತೆಗ್ದು ಹೇಳಿ ಮಾರಾಯ್ರೆ. ಹೆದರಿಕೆ ನಮ್ಗೂ ಉಂಟು."

ನಾಯಕರು ಕೈ ತೆಗೆದು ಅದನ್ನೇ ಹೇಳಿದರು. ಚಪ್ಪಾಳೆ ಬೀಳಲಿಲ್ಲ. ಆದರೆ ಒಬ್ಬ ಹೆಂಗಸೂ ಎದ್ದು ಹೋಗಲಿಲ್ಲ.

ನನ್ನ ಸಂಶಯದ ಬುದ್ಧಿ ಹೋಗಿಲ್ಲ. ಯಾರಾದರೂ ಮೈಕು ಮುಚ್ಚಿದರೆ ಈಗಲೂ ಕೈ ವಾಲ್ಯೂಮಿನತ್ತ ಹೋಗುತ್ತದೆ. ಅಂದಿನಂಥ ಮಾತು ಮಾತ್ರ ಮತ್ತೆ ಯಾರ ಬಾಯಿಂದಲೂ ಬಂದಿಲ್ಲ.