ಅಕ್ಕನ ಗುನುಗಿಗೆ ಬಾಗಿದ ಬಳ್ಳಿ

ಬಟ್ಟೆಗೆ ಅಚ್ಚು ಹಾಕುವ ನಮ್ಮ ಕಾರ್ಖಾನೆಯಲ್ಲಿ ಹೂವಣ್ಣನೆಂದರೆ ಎಲ್ಲರಿಗೂ ಗೊತ್ತು. ಹೊದಿಕೆಗಳ ಮೇಲಿನ ಹೂಬಳ್ಳಿ ಬರೆಯುತ್ತಿದ್ದವನು ಅವನೇ. ನಾನು ಯಾರ ಬಳಿಯೂ ಕಲಿಯದೆ ಕಣ್ಣಳತೆಯಲ್ಲೇ ಬಣ್ಣ ಕಲಸುತ್ತಿದ್ದವನು; ಅವನ ಹೂವಿಗೆ ಮಾತ್ರ ಎರಡು ಸಲ ಯೋಚಿಸುತ್ತಿದ್ದೆ. ಬರೆಯಲು ಅವನಿಗೆ ಬೇಕಿದ್ದದ್ದು ಎರಡೇ. ಮೋರಿಯ ಗೋಡೆಗೆ ಹಬ್ಬಿದ, ಯಾರೂ ತಿರುಗಿ ನೋಡದ ಒಂದು ಕಾಡುಬಳ್ಳಿ. ಇನ್ನೊಂದು, ಅವನ ಅಕ್ಕನ ಗುನುಗು.

ಅವರ ಮನೆ ಅಂದರೆ ಒಂದೇ ಕೋಣೆ, ನಡುವೆ ಪರದೆ. ಆಚೆ ಅಕ್ಕ ಹೊಲಿಗೆ ಯಂತ್ರ ತುಳಿಯುತ್ತ ಅಮ್ಮನಿಂದ ಕಲಿತ ಹಾಡು ಗುನುಗುವಳು. ಈಚೆ ಇವನು ನೆಲಕ್ಕೆ ಹಾಳೆ ಹಾಸಿ ಕೂರುವನು. ಅವಳ ದನಿ ಏರಿದರೆ ಬಳ್ಳಿ ಏರುವುದು, ಎಳೆದಲ್ಲಿ ಬಾಗುವುದು, ಉಸಿರು ತೆಗೆದುಕೊಂಡಲ್ಲಿ ಒಂದು ಎಲೆ.

"ನೋಡಣ್ಣ, ನಾನು ಕೆಮ್ಮಿದ್ದಕ್ಕೂ ಒಂದು ಮೊಗ್ಗು ಇಟ್ಟಿದ್ದಾನೆ," ಎಂದು ನನ್ನ ಮುಂದೆ ಆಡಿಕೊಂಡು ನಗುತ್ತಿದ್ದಳು.

ಆ ಕೆಮ್ಮೇ ಮುಳುವಾಯಿತು. ಆಸ್ಪತ್ರೆಯಲ್ಲಿ ಗಂಟಲಿಗೆ ಕತ್ತರಿ ಹಾಕಿಸಬೇಕಾಯಿತು. ಜೀವ ಉಳಿಯಿತು, ದನಿ ಹೋಯಿತು.

ಅವತ್ತಿನಿಂದ ಹೂವಣ್ಣನಿಗೆ ಕೈ ಓಡಲಿಲ್ಲ. ಬಳ್ಳಿಯನ್ನೇ ಕಿತ್ತು ತಂದು ಮುಂದಿಟ್ಟುಕೊಂಡ. ರೇಡಿಯೋ ಹಾಕಿದ. ಹೇಗೋ ಒಂದು ಹಾಳೆ ತುಂಬಿಸಿ ಒಯ್ದು ಕೊಟ್ಟ.

ಮಾಲೀಕ ಅದನ್ನು ಬೆಳಕಿಗೆ ಹಿಡಿದ. "ಏನಪ್ಪ, ಹಗ್ಗ ಬರೆದಿದ್ದೀಯಲ್ಲ. ಜನ ಹೊದ್ಕೋಬೇಕೋ, ದನ ಕಟ್ಟಬೇಕೋ?"

"ಇನ್ನೊಂದು ಸಲ ನೋಡ್ತೀನಿ ಧಣಿ."

"ಸೋಮವಾರ ತಾ. ಆಗ್ಲಿಲ್ಲ ಅಂದ್ರೆ ಗೋದಾಮಲ್ಲಿ ಗಂಟು ಕಟ್ಟೋ ಕೆಲಸ ಇದೆ, ಮಾಡ್ಕೊಂಡಿರು."

ಭಾನುವಾರ ನಾನು ಅವನ ಮನೆಗೆ ಹೋದಾಗ ಖಾಲಿ ಹಾಳೆಯ ಮುಂದೆ ಕೂತಿದ್ದ. ಅಕ್ಕ ಪರದೆ ಸರಿಸಿ ನೋಡಿದಳು. ಹಾಡಲಾರಳು, ತಾಳವನ್ನಾದರೂ ಕೊಡೋಣವೆಂದು ಕತ್ತರಿಯ ಹಿಡಿಯಿಂದ ಯಂತ್ರದ ಹಲಗೆಯನ್ನು ಕುಟ್ಟತೊಡಗಿದಳು. ಟಕ್, ಟಕ್, ಟಕ್. ಅವನು ಕುಂಚ ಎತ್ತಿದ. ಏಟಿಗೊಂದು ನೆಟ್ಟನೆಯ ಗೆರೆ ಬಿತ್ತು. ಒಂದೂ ಬಾಗಲಿಲ್ಲ. ಹಾಗೇ ಹಾಳೆ ತುಂಬಿತು.

ಅಕ್ಕ ಗೆರೆಗಳ ಮೇಲೆ ಬೆರಳಾಡಿಸಿ, ಹೂವೆಲ್ಲಿ ಎಂದು ಕೈಸನ್ನೆಯಲ್ಲೇ ಕೇಳಿದಳು.

"ಇನ್ನೂ ಬಿಟ್ಟಿಲ್ಲ ಕಣಕ್ಕಾ," ಅಂದ.

ಬೇರೇನೂ ಇಲ್ಲದೆ ಸೋಮವಾರ ಅದನ್ನೇ ಒಯ್ದ. ಮಾಲೀಕನ ಮುಖ ಅರಳಿತು. "ಇದು ನೋಡು. ಈಗ ಜನಕ್ಕೆ ಪಟ್ಟೆನೇ ಬೇಕು. ಇಷ್ಟು ವರ್ಷ ಹೂವು ಹೂವು ಅಂತ ಯಾಕೆ ಒದ್ದಾಡಿದೆ?"

ಪಟ್ಟೆಗೆ ಬಣ್ಣ ನಾನೇ ಕಲಸಿದೆ, ಯೋಚಿಸುವಂಥದ್ದೇನೂ ಇರಲಿಲ್ಲ. ಅಕ್ಕ ಈಗ ಹಲಗೆ ಕುಟ್ಟುವುದನ್ನೂ ಬಿಟ್ಟಿದ್ದಾಳೆ. ಹೂವಣ್ಣನ ಕೆಲಸಕ್ಕೆ ಅಡಿಕೋಲು ಸಾಕು.