ಮಾರ್ಥಳ ಹೆಸರಿನಲ್ಲಿ ನಾನು ಹೇಳಿದ ಅರ್ಥ

ಶಾಂತಕ್ಕ, ಆ ಶುಕ್ರವಾರ ನಾನು ದೇವರ ವಾಕ್ಯವನ್ನು ಬಿಡಿಸಿ ಹೇಳಲಿಲ್ಲ. ಅದನ್ನು ಎತ್ತಿಕೊಂಡು ನಿಮಗೆ ಹೊಡೆದೆ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾದವು.

ಗೋಪನಕೊಪ್ಪದ ನಮ್ಮ ಕೆಲವು ಕ್ರೈಸ್ತ ಕುಟುಂಬಗಳು ಶುಕ್ರವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತವೆ. ಬೈಬಲ್ ಓದಿ ಅರ್ಥ ಹೇಳುವವನು ನಾನು — ನಿವೃತ್ತ ಮಾಸ್ತರ, ಮಾತು ಶುರುವಾದರೆ ಗಡಿಯಾರ ನೋಡದವನು. ಕೊನೆಗೆ ಆ ಮನೆಯವರು ಚಹಾ, ತಿನಿಸು ಕೊಡುವುದು ರೂಢಿ. ನಿಮ್ಮ ಮನೆಯ ಸರದಿ ಎಂದರೆ ಪಡಸಾಲೆ ತುಂಬುತ್ತಿತ್ತು. ಎಲ್ಲರೂ ನಿಮ್ಮ ಮಂಡಕ್ಕಿ ಗಿರ್ಮಿಟ್ ಹೊಗಳಿ ಹೋಗುತ್ತಿದ್ದರು. ನನ್ನ ಅರ್ಥದ ಬಗ್ಗೆ — ಒಬ್ಬರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚು. ಎರಡೆರಡು ಸಲ ಬಡಿಸಿಕೊಂಡು ತಿಂದವನಿಗೇ.

ಅಂದು ಬೇಕೆಂದೇ ಮಾರ್ಥ, ಮರಿಯ ಎಂಬ ಅಕ್ಕತಂಗಿಯರ ಭಾಗ ಆರಿಸಿದೆ. ಯೇಸು ಮನೆಗೆ ಬಂದಾಗ ಮರಿಯಳು ಕೂತು ಕೇಳಿದಳು. ಮಾರ್ಥಳು ಕೆಲಸದಲ್ಲಿ ಮುಳುಗಿ ಗೊಣಗಿದಳು. ಒಳ್ಳೆಯದನ್ನು ಆರಿಸಿಕೊಂಡವಳು ಮರಿಯಳೇ ಎಂದು ಯೇಸು ಅವಳನ್ನು ತಡೆದ. ನೀವು ಒಳಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಿರಿ. ನಿಮಗೆ ಕೇಳಲೆಂದೇ ದನಿ ಎತ್ತರಿಸಿದೆ:

"ಈ ಮನ್ಯಾಗೂ ಒಬ್ಬಾಕಿ ಮಾರ್ಥ ಅದಾಳ್ರಿ. ಆಕಿಗೆ ಒಗ್ಗರಣಿ ದೊಡ್ಡದು, ದೇವರ ಮಾತಲ್ಲ."

ಒಳಗಿನ ಸದ್ದು ನಿಂತಿತು. ಕೈ ಒರೆಸಿಕೊಂಡು ಬಂದು ಚಾಪೆಯ ಮೇಲೆ ಕುಳಿತಿರಿ. ಅಂದಿನಿಂದ ನಿಮ್ಮ ಮನೆಯಲ್ಲಿ ಬರೀ ಬಿಸ್ಕತ್ತು. ಒಬ್ಬರನ್ನು ವಾಕ್ಯದ ಹತ್ತಿರ ತಂದೆನೆಂದು ನಾನು ಬೀಗಿದೆ.

ಈ ಸಲ ಈಸ್ಟರ್‌ಗೆ ಮುಂಚೆ ಸುವಾರ್ತೆ ಓದುತ್ತಿದ್ದೆ. ಸತ್ತಿದ್ದ ಮಾರ್ಥಳ ಸಹೋದರ ಲಾಜರನನ್ನು ಎಬ್ಬಿಸಿದ ಮೇಲೆ ಯೇಸುವಿಗೆ ಊಟ. ಅಲ್ಲಿ ಮಾರ್ಥಳು ಮತ್ತೆ ಬಡಿಸುತ್ತಿದ್ದಾಳೆ. ಆತ ಏನೂ ಅನ್ನುವುದಿಲ್ಲ. ಎಷ್ಟೋ ಸಲ ಓದಿದ ಸಾಲು — ಆದರೆ ಓದಿದ್ದೆನೇ? ಆತ ಮೊದಲು ತಡೆದದ್ದು ಅವಳ ತಳಮಳವನ್ನು, ಅವಳ ಕೈಯನ್ನಲ್ಲ.

ನಿಮ್ಮ ಮನೆಗೆ ಬಂದು ಇದನ್ನು ಹೇಳಿದೆ, ನನ್ನ ಹೊಟ್ಟೆಕಿಚ್ಚನ್ನೂ ಹೇಳಿದೆ. ನೀವು ಸಿಟ್ಟಾಗಲಿಲ್ಲ.

"ಅಡಗಿಮನ್ಯಾಗ ಇದ್ದಾಗ ನಿಮ್ಮ ಒಂದ ಮಾತೂ ಬಿಡ್ತಿದ್ದಿಲ್ರಿ ಮಾಸ್ತರ. ಹೊರಗ ಬಂದು ಕುಂತ ಮ್ಯಾಲೆ ಏನೂ ಕಿವಿಗೆ ಬಿದ್ದಿಲ್ಲ. ಮತ್ತೇನಂತೀರೋ ಅಂತ ನಿಮ್ಮ ಮಾರಿನ ನೋಡ್ಕೋತ ಕುಂತೆ."

ತಪ್ಪು ಮಾಡಿದ್ದು ಎಲ್ಲರೆದುರು. ಮುಂದಿನ ಶುಕ್ರವಾರ ಒಪ್ಪಿಕೊಂಡದ್ದೂ ಎಲ್ಲರೆದುರು. ಸುಳ್ಳೇಕೆ, ಈಗ ನೆಮ್ಮದಿಯಾಗಿದ್ದೇನೆ. ಆದರೆ ಅಷ್ಟು ವರ್ಷಗಳ ವಾಕ್ಯವನ್ನು ನಿಮ್ಮಿಂದ ಕಿತ್ತುಕೊಂಡವನು ನಾನೇ.

ಈಗ ನಿಮ್ಮ ಮನೆಯಲ್ಲಿ ನಾನು ಓದುತ್ತೇನೆ, ಅರ್ಥ ನೀವು ಹೇಳುತ್ತೀರಿ. ಮೊದಲ ಸಲ ನೀವು ಆರಿಸಿದ್ದು, ಪೇತ್ರನು ತನ್ನ ಗುರು ಯೇಸುವನ್ನೇ ಅರಿಯೆನೆಂದ ಭಾಗ. ನನ್ನ ಹೆಸರು ಯಾವಾಗ ಬರುತ್ತದೋ ಎಂದು ನಿಮ್ಮ ಮುಖವನ್ನೇ ನೋಡುತ್ತ ಕಾದೆ. ನೀವು ಹೇಳಿದ್ದು ಪೇತ್ರನ ಬಗ್ಗೆಯಷ್ಟೇ; ಕೊನೆಯವರೆಗೂ ನನ್ನ ಕಡೆ ನೋಡಲೇ ಇಲ್ಲ.