ಗದ್ದದ ಕೆಳಗಿನ ಗೆರೆ

ಅವರ ಗದ್ದದ ಕೆಳಗೆ ಒಂದು ಗೆರೆಯಿತ್ತು. ಗೆರೆಯ ಮೇಲೆ ಗೋಧಿಹಿಟ್ಟಿನ ಬಣ್ಣದ ಮುಖ. ಕೆಳಗೆ ಹುರಿದ ಕಾಫಿಬೀಜದ ಬಣ್ಣದ ಕುತ್ತಿಗೆ. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದ ಈ ಮಂಗಳೂರಿನ ಮಹಿಳೆ ತಮ್ಮ ಮನೆಯ ಗ್ಯಾರೇಜನ್ನೇ ಬ್ಯೂಟಿ ಪಾರ್ಲರ್ ಮಾಡಿಕೊಂಡಿದ್ದರು. ಎಲ್ಲರಿಗೂ ಅವರು ಪಾರ್ಲರ್ ಆಂಟಿ. ನನಗಿಂತ ಚಿಕ್ಕವರಾದ್ದರಿಂದ ನಾನು ಏನೆಂದೂ ಕರೆಯುತ್ತಿರಲಿಲ್ಲ. ಕರೆಯುವ ಮನಸ್ಸೂ ಇರಲಿಲ್ಲ.

ಕೈ ಹಗುರವಾಗಿತ್ತು, ಒಪ್ಪುತ್ತೇನೆ. ಬ್ರಶ್ಶನ್ನು ಇನ್ನೊಬ್ಬರ ಕೆನ್ನೆಗೆ ತಾಗಿಸುವ ಮುನ್ನ ತಮ್ಮ ಮಣಿಕಟ್ಟಿಗೆ ಒತ್ತಿ ನೋಡುತ್ತಿದ್ದರು, ಚುಚ್ಚಬಾರದೆಂದು. ನಾಲಿಗೆಗೆ ಆ ಎಚ್ಚರವಿರಲಿಲ್ಲ. ಪರಿಚಯವಾದ ಮೊದಲ ದೀಪಾವಳಿ ಕೂಟದಲ್ಲಿಯೇ, ನನ್ನ ತಟ್ಟೆಗೆ ಹೋಳಿಗೆ ಬಡಿಸುತ್ತ, ನನ್ನ ಸೊಸೆಗೆ ಹೇಳಿದ್ದರು: "ನೀನು ಇಷ್ಟು ಬೆಳ್ಳಗೆ ಇದ್ದಿ, ಮಗಳಿಗೆ ಅಜ್ಜಿಯ ಬಣ್ಣ ಬಂತಲ್ಲ ಮಾರಾಯ್ತಿ, ಪಾಪ!" ಪಕ್ಕದಲ್ಲಿದ್ದ ಮೊಮ್ಮಗಳು ಉತ್ತರ ಕೊಡುವುದು ಇಂಗ್ಲಿಷಿನಲ್ಲಾದರೂ ಕನ್ನಡವನ್ನು ಪೂರ್ತಿ ಬಲ್ಲವಳು. ಆ ಹೋಳಿಗೆಯನ್ನು ನಾನು ತಿನ್ನಲಿಲ್ಲ.

ಆ ಹುಡುಗಿ ಹನ್ನೆರಡನೇ ತರಗತಿ ಮುಗಿಸುವ ವರ್ಷ ಶಾಲೆಯ ಫಾರ್ಮಲ್ ಬಂತು. ಮಕ್ಕಳು ಸಿಂಗರಿಸಿಕೊಂಡು ಊಟಕ್ಕೂ ಕುಣಿತಕ್ಕೂ ಹೋಗುವ ವಿದಾಯದ ಸಂಜೆಗೆ ಇಲ್ಲಿನವರಿಟ್ಟ ಹೆಸರದು. ಅವಳು ನನ್ನನ್ನೇ ರೌಸ್ ಹಿಲ್‌ನ ಅಂಗಡಿಗೆ ಕರೆದೊಯ್ದಳು. ಫೌಂಡೇಶನ್ನಿನ ಒಂದೊಂದೇ ಶೇಡನ್ನು ದವಡೆಯ ಅಂಚಿಗೆ ಹಚ್ಚಿಕೊಳ್ಳುವುದು, ಹೊರಗೆ ಬಿಸಿಲಿಗೆ ಬಂದು ನನಗೆ ತೋರಿಸುವುದು, ಒರೆಸಿಕೊಂಡು ಮತ್ತೆ ಒಳಗೆ ಹೋಗುವುದು. ಕೊನೆಗೊಮ್ಮೆ ಕೆನ್ನೆ ತಿರುಗಿಸಿ, "ಅಜ್ಜಿ, ಕ್ಯಾನ್ ಯು ಸೀ ಇಟ್?" ಎಂದಳು. ಕನ್ನಡಕ ಸರಿಪಡಿಸಿಕೊಂಡು ನೋಡಿದೆ. ಎಲ್ಲಿ ಹಚ್ಚಿದ್ದಾಳೆಂದೇ ತಿಳಿಯಲಿಲ್ಲ. "ದಟ್ಸ್ ದ ಒನ್!" ಎಂದು ಅಂಗಡಿಯ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡಳು.

ಫಾರ್ಮಲ್ಲಿನ ಸಂಜೆ ಸಿಂಗಾರಕ್ಕೆಂದು ಗ್ಯಾರೇಜಿಗೆ ಹೋದಾಗ ಆ ಸೀಸೆಯನ್ನು ಪಾರ್ಲರ್ ಆಂಟಿ ತೆರೆಯಲೇ ಇಲ್ಲ. "ಇಷ್ಟು ಕಪ್ಪು ಶೇಡ್ ಎಲ್ಲಿಂದ ತಂದದ್ದು? ಫೋಟೋದಲ್ಲಿ ಹಲ್ಲು ಮಾತ್ರ ಕಂಡೀತು!" ಎಂದು ನಕ್ಕು, ತಮ್ಮ ಡಬ್ಬಿಯದನ್ನೇ ಬಳಿದರು. ನಾನು ಬಾಯಿ ತೆರೆದಾಗ ಸೊಸೆ, "ಅತ್ತೆ, ಸುಮ್ನಿರಿ. ಆಂಟಿ ಪ್ರೊಫೆಶನಲ್ಲು" ಎಂದಳು. ಗೆಳತಿಯರ ಕಾರು ಬಾಗಿಲಿಗೆ ಬಂದಿತ್ತು. ಹುಡುಗಿ ಕನ್ನಡಿಯನ್ನು ನೋಡಿದಳು, ನನ್ನನ್ನು ನೋಡಿದಳು, ಹೊರಟುಹೋದಳು. ಮುಖವೊಂದು ಬಣ್ಣ, ತೋಳೊಂದು ಬಣ್ಣ.

ಶಾಲೆ ತಲುಪಿದವಳೇ ಬಚ್ಚಲುಕೋಣೆಯಲ್ಲಿ ಒದ್ದೆ ಕಾಗದದಿಂದ ಎಲ್ಲವನ್ನೂ ಉಜ್ಜಿ ತೆಗೆದಳಂತೆ. ಗುಂಪಿನ ಫೋಟೋದಲ್ಲಿ ಎಲ್ಲರೂ ಹೊಳೆಯುತ್ತಿದ್ದಾರೆ. ಇವಳೊಬ್ಬಳು ಕೆಂಪು ಕಣ್ಣಿನ ಬರಿಮುಖ. ಅದಿನ್ನೂ ನಮ್ಮ ಗೋಡೆಗೇರಿಲ್ಲ.

ಮರುದಿನ ನಾನೇ ಹೋಗಿ ಕೇಳಿದೆ: "ಮಗು ಆರಿಸಿ ತಂದದ್ದನ್ನು ಯಾಕೆ ಹಚ್ಚಲಿಲ್ಲ?"

"ಅದು ಹಚ್ಚಿದರೆ ಹಚ್ಚಿದ ಹಾಗೆಯೇ ಕಾಣುವುದಿಲ್ಲ ಅಮ್ಮ. ಮತ್ತೆ ಮೇಕಪ್ ಎಂತಕ್ಕೆ? ನಾನು ಒಳ್ಳೆಯದಕ್ಕೇ ಮಾಡಿದ್ದು."

ತಪ್ಪಾಯಿತೆಂಬ ಒಂದು ಮಾತಿಗೆ ಕಾದು ನಿಂತೆ. ಅವರು ಬ್ರಶ್ಶು ತೊಳೆಯತೊಡಗಿದರು. ಆ ಗ್ಯಾರೇಜಿನೊಳಗೆ ನಾನು ಮತ್ತೆ ಕಾಲಿಡಲಿಲ್ಲ.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವರು ಹೋಗುತ್ತಿದ್ದ ಚರ್ಚಿನಲ್ಲಿ ಅಂತಿಮ ದರ್ಶನಕ್ಕೆ ಪೆಟ್ಟಿಗೆ ತೆರೆದಿಟ್ಟಿದ್ದರು. ಮೊಮ್ಮಗಳು ಒತ್ತಾಯಿಸಿದ್ದರಿಂದ ಹೋದೆ. ಅಂತ್ಯಕ್ರಿಯೆಯ ಸಂಸ್ಥೆಯ ಯಾರೋ, ಅವರನ್ನು ಬದುಕಿದ್ದಾಗ ಕಾಣದವರು, ಕುತ್ತಿಗೆಯ ಬಣ್ಣ ನೋಡಿ ಅದನ್ನೇ ಮುಖಕ್ಕೂ ಹಚ್ಚಿದ್ದರು.

"ಗೆರೆ ಇಲ್ಲ, ಅಜ್ಜಿ," ಎಂದು ಮೊಮ್ಮಗಳು ಕನ್ನಡದಲ್ಲಿಯೇ ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು.

ನನ್ನ ಕಣ್ಣು ತುಂಬಲಿಲ್ಲ. ಬಾಗಿ ನೋಡಿದೆ: ನನ್ನದೇ ಬಣ್ಣ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಷ್ಟು ವರ್ಷದ ಕೋಪ ಅಲ್ಲಿಯಾದರೂ ಇಳಿಯಬೇಕಿತ್ತು, ಇಮ್ಮಡಿಯಾಯಿತು. ಈ ಮುಖವನ್ನು ದಿನವೂ ಬೆಳಿಗ್ಗೆ ಕನ್ನಡಿಯಲ್ಲಿ ಕಂಡವರೇ ಅಲ್ಲವೇ, ಒಂದು ಮಗುವನ್ನು ನೋಡಿ ಪಾಪ ಎಂದದ್ದು?